ಎರಡು ಸಾವಿರ ಗಜ ಓಡಿದವನಿಗೆ 2025ರಲ್ಲಿ ಎಷ್ಟು ಬೆಲೆ?

ಪ್ರಶ್ನೆ: ನಾನು ಟೆಕ್ಸಾಸ್‌ನ ಪ್ಲೇನೊದಲ್ಲಿದ್ದೇನೆ. ಕ್ರಿಕೆಟ್ ಫ್ಯಾಂಟಸಿ ಆಡಿ ಅಭ್ಯಾಸವಿದೆ, ಅಮೆರಿಕನ್ ಫುಟ್‌ಬಾಲ್‌ನದು ಇದೇ ಮೊದಲು. ಕಚೇರಿಯ ಲೀಗ್‌ನಲ್ಲಿ 12 ತಂಡಗಳಿವೆ. ಹತ್ತು ಗಜಕ್ಕೆ ಒಂದು ಅಂಕ, ಟಚ್‌ಡೌನ್‌ಗೆ (ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ) ಆರು, ಹಿಡಿದ ಪ್ರತಿ ಪಾಸ್‌ಗೆ ಅರ್ಧ ಅಂಕ. ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ 2025ರ ಸೀಸನ್‌ನ ಡ್ರಾಫ್ಟ್‌ನಲ್ಲಿ ನನ್ನದು ಮೂರನೇ ಸರದಿ. ಕಳೆದ ವರ್ಷ 2,005 ಗಜ ಓಡಿದ ಫಿಲಡೆಲ್ಫಿಯಾ ಈಗಲ್ಸ್‌ನ ಸೇಕ್ವಾನ್ ಬಾರ್ಕ್ಲಿಯನ್ನು ಆರಿಸಲೇ? ವಯಸ್ಸಾಯಿತು, ಬೇಡ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. 28 ಒಂದು ವಯಸ್ಸೇ?

ಉತ್ತರ: ಮೂರನೇ ಸರದಿಯಲ್ಲಿ ಬೇಡ. ಆದರೆ ನಿಮ್ಮ ಸಹೋದ್ಯೋಗಿಗಳು ಕೊಟ್ಟ ಕಾರಣ ಅರ್ಧ ಮಾತ್ರ ಸರಿ. ಉಳಿದರ್ಧವನ್ನು ಬಿಡಿಸಿ ನೋಡಬೇಕು, ಏಕೆಂದರೆ ಚೆಂಡು ಹಿಡಿದು ಓಡುವ ಯಾವ ರನ್ನಿಂಗ್ ಬ್ಯಾಕ್‌ನ ಬೆಲೆ ಕಟ್ಟುವಾಗಲೂ ಅದೇ ಲೆಕ್ಕ ಉಪಯೋಗಕ್ಕೆ ಬರುತ್ತದೆ.

2024ರಲ್ಲಿ ಬಾರ್ಕ್ಲಿ 16 ಪಂದ್ಯಗಳಲ್ಲಿ 345 ಬಾರಿ ಚೆಂಡು ಹಿಡಿದು ಓಡಿದರು, 33 ಪಾಸ್ ಹಿಡಿದು 278 ಗಜ ಸೇರಿಸಿದರು, ಒಟ್ಟು 15 ಟಚ್‌ಡೌನ್ ಗಳಿಸಿದರು. ನಿಮ್ಮ ಲೀಗ್‌ನ ನಿಯಮದಲ್ಲಿ ಅದು ಸುಮಾರು 335 ಅಂಕ. ಈಗ ಆ ಅಂಕ ಎಲ್ಲಿಂದ ಬಂತೆಂದು ಹುಡುಕಿ. ನವೆಂಬರ್ 24ರಂದು ಲಾಸ್ ಏಂಜಲೀಸ್‌ನಲ್ಲಿ ರ‍್ಯಾಮ್ಸ್ ವಿರುದ್ಧ ಅವರು 255 ಗಜ ಓಡಿದ ಪಂದ್ಯವನ್ನು ನೋಡಿದವರು ಮರೆಯಲಾರರು. ಮೊದಲು 70 ಗಜದ ಒಂದು ಓಟ, ಆಮೇಲೆ 72 ಗಜದ್ದು. ಎರಡೂ ಬಾರಿ ರಕ್ಷಣೆಯ ಸಾಲಿನಲ್ಲಿ ಒಂದು ಕಂಡಿ ತೆರೆಯಿತು, ಅದನ್ನು ದಾಟಿದ ಮೇಲೆ ಅವರನ್ನು ಯಾರೂ ಮುಟ್ಟಲಾಗಲಿಲ್ಲ. ಆ ಎರಡು ಓಟಗಳಿಂದಲೇ 26 ಅಂಕ ಬಂತು. ನ್ಯೂ ಆರ್ಲಿಯನ್ಸ್‌ನಲ್ಲಿ 65 ಗಜ, ವಾಷಿಂಗ್ಟನ್ ವಿರುದ್ಧ 68 ಗಜದ ಟಚ್‌ಡೌನ್‌ಗಳನ್ನೂ ಸೇರಿಸಿದರೆ ಕೇವಲ ನಾಲ್ಕು ಓಟಗಳಿಂದ ಐವತ್ತಕ್ಕೂ ಹೆಚ್ಚು ಅಂಕ.

ಇದನ್ನು ಅದೃಷ್ಟ ಎಂದು ಕರೆದರೆ ಆ ಓಟಗಾರನಿಗೆ ಅನ್ಯಾಯವಾಗುತ್ತದೆ. ಜ್ಯಾಕ್ಸನ್‌ವಿಲ್ ವಿರುದ್ಧ ಎದುರಾಳಿಯ ಮೇಲೆ ಹಿಮ್ಮುಖವಾಗಿ ಹಾರಿ ದಾಟಿದ ಕಾಲುಗಳವು. ಆದರೂ ಅರವತ್ತು ಗಜ ಮೀರಿದ ಓಟಗಳು ಪ್ರತಿ ವರ್ಷ ಅಷ್ಟೇ ಸಂಖ್ಯೆಯಲ್ಲಿ ಬರುವುದಿಲ್ಲ. ಆ ನಾಲ್ಕೂ ಓಟಗಳು ಇಪ್ಪತ್ತು ಗಜಕ್ಕೇ ನಿಂತಿದ್ದವೆಂದು ಭಾವಿಸಿ: ಒಟ್ಟು ಅಂಕ 291ಕ್ಕೆ ಇಳಿಯುತ್ತದೆ, ಪಂದ್ಯಕ್ಕೆ ಸುಮಾರು 18. ಅಟ್ಲಾಂಟಾದ ಬಿಜಾನ್ ರಾಬಿನ್ಸನ್ ಅದೇ ವರ್ಷ 17 ಪಂದ್ಯಗಳಲ್ಲಿ 1,456 ಗಜ ಓಡಿ, 61 ಪಾಸ್ ಹಿಡಿದು, 15 ಟಚ್‌ಡೌನ್ ಗಳಿಸಿದರು. ಅವರದೂ ಪಂದ್ಯಕ್ಕೆ 18ರ ಆಸುಪಾಸೇ. ಬಾರ್ಕ್ಲಿಯ ಅಂಕದಿಂದ ನಾವು ಕಳೆದು ನೋಡಿದ್ದೇವೆ, ರಾಬಿನ್ಸನ್ ಅವರದರಿಂದ ಏನನ್ನೂ ಕಳೆದಿಲ್ಲ ಎಂಬುದು ನಿಜ. ಆದರೆ 61 ಪಾಸ್‌ಗಳು ತರುವ ಅಂಕ ವಾರವಾರವೂ ಸ್ವಲ್ಪ ಸ್ವಲ್ಪವಾಗಿ ಬರುವಂಥದ್ದು. ಒಂದು ಭಾನುವಾರದ ಎರಡು ಓಟಗಳನ್ನು ಅದು ನೆಚ್ಚಿಕೊಂಡಿಲ್ಲ.

ಇನ್ನು ವಯಸ್ಸು. 28ಕ್ಕಿಂತ ನನ್ನನ್ನು ಕಾಡುವ ಸಂಖ್ಯೆ 482. ಪ್ಲೇಆಫ್ ಮತ್ತು ಫೈನಲ್ ಆದ ಸೂಪರ್ ಬೌಲ್ ಸೇರಿಸಿದರೆ ಕಳೆದ ಸೀಸನ್‌ನಲ್ಲಿ ಬಾರ್ಕ್ಲಿ ಚೆಂಡು ಹಿಡಿದು ಮುನ್ನುಗ್ಗಿದ ಸಲ ಅಷ್ಟು. ಬಹುಪಾಲು ಸಲ ಅದು ಮುಗಿಯುವುದು ಭಾರೀ ದೇಹಗಳ ಡಿಕ್ಕಿಯಲ್ಲಿ. 2020ರಲ್ಲಿ ಮೊಣಕಾಲಿನ ಅಸ್ಥಿರಜ್ಜು ಹರಿದುಕೊಂಡ ಆಟಗಾರ ಅವರು. ಸೂಪರ್ ಬೌಲ್ ನಡೆದದ್ದು ಫೆಬ್ರವರಿ 9ರಂದು, ಅವರ ಹುಟ್ಟುಹಬ್ಬದ ದಿನ. ಹೊಸ ಸೀಸನ್ ಸೆಪ್ಟೆಂಬರ್ 4ಕ್ಕೇ ಶುರು.

ಬಾರ್ಕ್ಲಿಗಿಂತ ಮೊದಲು ಎಂಟು ಮಂದಿ ಒಂದೇ ಸೀಸನ್‌ನಲ್ಲಿ ಎರಡು ಸಾವಿರ ಗಜ ದಾಟಿದ್ದಾರೆ. ಮರುವರ್ಷ ಅವರಲ್ಲಿ ಒಬ್ಬರೂ 1,500 ಗಜ ಮುಟ್ಟಲಿಲ್ಲ. ಹತ್ತಿರ ಬಂದವರು 1998ರ ಬ್ಯಾರಿ ಸ್ಯಾಂಡರ್ಸ್, 1,491. ಟೆರೆಲ್ ಡೇವಿಸ್ 1999ರಲ್ಲಿ ನಾಲ್ಕೇ ಪಂದ್ಯಗಳಲ್ಲಿ ಮೊಣಕಾಲಿನ ಗಾಯದಿಂದ ಹೊರಬಿದ್ದರು, ಡೆರಿಕ್ ಹೆನ್ರಿಯನ್ನು 2021ರಲ್ಲಿ ಪಾದದ ಗಾಯ ಎಂಟನೇ ಪಂದ್ಯದ ನಂತರ ಕೂರಿಸಿತು. ಹಾಗೆಂದು ಮರುವರ್ಷ ಎಲ್ಲರೂ ನೆಲಕಚ್ಚಲಿಲ್ಲ. ಏಡ್ರಿಯನ್ ಪೀಟರ್ಸನ್ 2013ರಲ್ಲಿ 1,266 ಗಜ ಓಡಿದರು. ಯಾವ ತಂಡಕ್ಕೂ ಅದು ಒಳ್ಳೆಯ ಫಸಲೇ. ಮೊದಲ ಮೂರು ಸ್ಥಾನದ ಬೆಲೆ ಕೊಟ್ಟವರಿಗೆ ಮಾತ್ರ ಅದು ಸಾಲದು.

ತಂಡದ ಒಳಗಿನ ಎರಡು ಸಂಗತಿಗಳನ್ನೂ ತೂಗಬೇಕು. ಟಚ್‌ಡೌನ್ ಗೆರೆಯ ಹತ್ತಿರ ಬಂದಾಗ ಈಗಲ್ಸ್ ತಂಡ, ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಜೇಲೆನ್ ಹರ್ಟ್ಸ್ ಅವರನ್ನೇ ಹಿಂದಿನಿಂದ ತಳ್ಳಿ ಒಳಗೆ ನುಗ್ಗಿಸುತ್ತದೆ. ಕಳೆದ ವರ್ಷ ಹರ್ಟ್ಸ್ ಓಡಿ ಗಳಿಸಿದ ಟಚ್‌ಡೌನ್ 14, ಬಾರ್ಕ್ಲಿಯವು 13. ಒಂದು ಗಜದ ಸುಲಭ ಆರು ಅಂಕಗಳು ಬೇರೆಯವರ ಪಾಲಾಗುವ ತಂಡ ಇದು. ಜೊತೆಗೆ, ಆಕ್ರಮಣವನ್ನು ರೂಪಿಸುತ್ತಿದ್ದ ಕೆಲನ್ ಮೂರ್ ನ್ಯೂ ಆರ್ಲಿಯನ್ಸ್‌ನ ಮುಖ್ಯ ಕೋಚ್ ಆಗಿ ಹೋದರು, ಓಟಗಾರನಿಗೆ ದಾರಿ ತೆರೆಯುವ ಮುಂದಿನ ಸಾಲಿನಲ್ಲಿ ಬಲಗಡೆಯ ಗಾರ್ಡ್ ಆಗಿದ್ದ ಮೆಕೈ ಬೆಕ್ಟನ್ ಕೂಡ ತಂಡ ಬಿಟ್ಟರು. ಅದೇ ಸಾಲಿನ ಲೇನ್ ಜಾನ್ಸನ್, ಜೋರ್ಡನ್ ಮೈಲಾಟಾ ಉಳಿದಿರುವುದರಿಂದ ಸಾಲು ಈಗಲೂ ಬಲವಾಗಿದೆ, ಅದೇ ಬಾರ್ಕ್ಲಿಯ ಪರವಾಗಿರುವ ದೊಡ್ಡ ಮಾತು.

ನಿಮ್ಮ ಲೀಗ್‌ನಲ್ಲಿ ಮೊದಲ ಆಯ್ಕೆ ಬಹುತೇಕ ಪಾಸ್ ಹಿಡಿಯುವ ಆಟಗಾರ, ಸಿನ್ಸಿನಾಟಿಯ ಜಮಾರ್ ಚೇಸ್ ಆಗಿರುತ್ತಾರೆ. ಹಾಗಾದರೆ ರಾಬಿನ್ಸನ್ ಮತ್ತು ಡೆಟ್ರಾಯ್ಟ್‌ನ ಜಮೀರ್ ಗಿಬ್ಸ್, ಇಬ್ಬರಲ್ಲಿ ಒಬ್ಬರು ನಿಮಗೆ ಸಿಕ್ಕೇ ಸಿಗುತ್ತಾರೆ. ಇಬ್ಬರಿಗೂ 23 ವರ್ಷ. ಗಿಬ್ಸ್ ಕಳೆದ ವರ್ಷ 20 ಟಚ್‌ಡೌನ್ ಗಳಿಸಿದವರು, ಆದರೆ ಡೇವಿಡ್ ಮಾಂಟ್‌ಗೊಮರಿಯೊಂದಿಗೆ ಕೆಲಸ ಹಂಚಿಕೊಳ್ಳುತ್ತಾರೆ, ಅವರಿಗೆ ದಾರಿ ತೆರೆಯುತ್ತಿದ್ದ ಸಾಲಿನ ಅನುಭವಿ ಸೆಂಟರ್ ಫ್ರ್ಯಾಂಕ್ ರ‍್ಯಾಗ್‌ನೋ ಜೂನ್‌ನಲ್ಲಿ ನಿವೃತ್ತರಾದರು. ಇಬ್ಬರೂ ಉಳಿದಿದ್ದರೆ ನಾನು ರಾಬಿನ್ಸನ್ ಅವರನ್ನೇ ಆರಿಸುತ್ತೇನೆ. ನಿಮ್ಮ ಸರದಿ ಐದು ಅಥವಾ ಆರನೆಯದಾಗಿದ್ದರೆ ಬಾರ್ಕ್ಲಿಯನ್ನು ಕಣ್ಣುಮುಚ್ಚಿ ತೆಗೆದುಕೊಳ್ಳಿ ಎನ್ನುತ್ತಿದ್ದೆ. ಯಾರಾದರೂ ಅದಲುಬದಲಿನಲ್ಲಿ ಅವರನ್ನು ನಿಮಗೆ ಕೊಟ್ಟರೆ, ಕೊನೆಯ ಸುತ್ತುಗಳಲ್ಲಿ ಈಗಲ್ಸ್‌ನಲ್ಲಿ ಅವರ ಬದಲಿ ಆಟಗಾರನಾದ ವಿಲ್ ಶಿಪ್ಲಿಯನ್ನೂ ತಂದಿಟ್ಟುಕೊಳ್ಳಿ.