ಹೆರಿಗೆ ಮುಗಿದ ಮೇಲೂ ನರ್ಸ್ ಹೊಟ್ಟೆ ಒತ್ತುವುದು ಯಾಕೆ?

ನಿಮ್ಮ ತಂಗಿಗೆ ಹೆರಿಗೆಯಾದ ಮೇಲೂ ನರ್ಸ್ ಕಾಲು ಗಂಟೆಗೊಮ್ಮೆ ಬಂದು ಹೊಟ್ಟೆ ಒತ್ತಿದ್ದು ಯಾಕೆ ಅಂತ ಕೇಳಿದ್ದೀರಿ. ಗರ್ಭಕೋಶ ಬಿಗಿಯಾಗಿದೆಯಾ ಅಂತ ನೋಡೋದಕ್ಕೆ. ಮಾಸು ಅಂಟಿಕೊಂಡಿದ್ದ ಜಾಗದ ರಕ್ತನಾಳಗಳನ್ನು ಮುಚ್ಚಿ ರಕ್ತಸ್ರಾವ ತಡೆಯುವುದು ಗರ್ಭಕೋಶದ ಸ್ನಾಯುವಿನ ಹಿಡಿತವೇ. ಮಗು ಹುಟ್ಟಿದ ಒಂದು ನಿಮಿಷದೊಳಗೆ ಗರ್ಭಕೋಶವನ್ನು ಬಿಗಿ ಮಾಡುವ ಆಕ್ಸಿಟೋಸಿನ್ ಔಷಧಿಯನ್ನು 10 ಯೂನಿಟ್ ಚುಚ್ಚುವುದೂ ಇದಕ್ಕೇ. ಹೊಕ್ಕುಳ ಹತ್ತಿರ ಗಟ್ಟಿ ಉಂಡೆ ಕೈಗೆ ಸಿಕ್ಕರೆ ಸರಿ; ಮೆತ್ತಗಿದ್ದರೆ ಉಜ್ಜಿ ಗಟ್ಟಿ ಮಾಡಬೇಕು. ನೋವಾಗುತ್ತದೆ, ನಿಜ. ಆದರೂ ಮೊದಲ ಎರಡು ಗಂಟೆ ಇದನ್ನು ಬಿಡುವಂತಿಲ್ಲ. ಉಂಡೆ ಮೇಲೇರಿ ಪಕ್ಕಕ್ಕೆ ಸರಿದಿದ್ದರೆ ಸಾಮಾನ್ಯವಾಗಿ ಮೂತ್ರಚೀಲ ತುಂಬಿರುತ್ತದೆ. ಮೂತ್ರ ಮಾಡಿಸಿದರೆ ಎಷ್ಟೋ ಸಲ ತಾನಾಗಿ ಬಿಗಿಯಾಗುತ್ತದೆ.

ಐದು ನಿಮಿಷದೊಳಗೆ ಒಂದು ಪ್ಯಾಡ್ ಪೂರ್ತಿ ನೆಂದರೆ, ಅಥವಾ ಬಾಣಂತಿಗೆ ತಲೆಸುತ್ತು ಬಂದರೆ, ಜೊತೆಗಿರುವವರು ದಯವಿಟ್ಟು ಕಾಯಬೇಡಿ, ತಕ್ಷಣ ನರ್ಸನ್ನು ಕೂಗಿ.