ಮೊದಲು ಹ್ಯಾಮಿಲ್ಟನ್ ಎಲ್ಲಿ ನಿಂತಿದ್ದರು ಹೇಳಿ

ನಮಸ್ಕಾರ.

ಅಮೆರಿಕನ್ ಫುಟ್‌ಬಾಲ್‌ನ ಬಾಲ್ಟಿಮೋರ್ ರೇವನ್ಸ್ ತಂಡದ ರಕ್ಷಣೆಯ ಆಟಗಾರ ಕೈಲ್ ಹ್ಯಾಮಿಲ್ಟನ್ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕೋಕಾಗಲ್ಲ. ಹಾಗಂತ ಕೈಬಿಡಬೇಡಿ. ಅಮೆರಿಕನ್ ಫುಟ್‌ಬಾಲ್ ಬಗ್ಗೆ ಕನ್ನಡದಲ್ಲಿ ಬರೆಯುವವರೇ ಕಡಿಮೆ, ನಿಮಗಂತೂ ಆಟ ಚೆನ್ನಾಗಿ ಗೊತ್ತಿದೆ.

ತೊಂದರೆ ಏನೆಂದರೆ, ಉದ್ದಕ್ಕೂ ಬರೀ ಹೊಗಳಿಕೆ. ಸೇಫ್ಟಿ (ರಕ್ಷಣೆಯಲ್ಲಿ ಎಲ್ಲರಿಗಿಂತ ಹಿಂದೆ) ಆಡ್ತಾರೆ, ಸ್ಲಾಟ್‌ನಲ್ಲಿ (ಲೈನ್‌ಗೂ ಅಂಚಿನ ರಿಸೀವರ್‌ಗೂ ನಡುವಿನ ಜಾಗ) ಆಡ್ತಾರೆ, ಲೈನ್‌ಬ್ಯಾಕರ್ (ಮುಂದಿನ ಸಾಲಿನ ಬೆನ್ನಿಗೆ ನಿಲ್ಲುವವರು) ಜಾಗದಲ್ಲೂ ಆಡ್ತಾರೆ ಎಂದಿದ್ದೀರಿ. ಸರಿ, ಅದರಿಂದ ಎದುರಾಳಿಗೆ ಏನು ಕಷ್ಟ? ಅದೇ ಇಲ್ಲ. ಕ್ರಿಕೆಟ್ ಆಲ್‌ರೌಂಡರ್ ಹೋಲಿಕೆ ತೆಗೆದುಬಿಡಿ. ಬ್ಯಾಟ್ ಹಿಡಿದು ಬಂದವರು ಏನು ಮಾಡ್ತಾರೆ ಅಂತ ಎಲ್ಲರಿಗೂ ಗೊತ್ತು. ಹ್ಯಾಮಿಲ್ಟನ್ ಏನು ಮಾಡ್ತಾರೆ ಅನ್ನೋದು ಚೆಂಡು ಸ್ನ್ಯಾಪ್ ಆಗಿ ಆಟ ಶುರುವಾಗುವ ತನಕ ಗೊತ್ತಾಗಲ್ಲ.

2023ರ ಸೆಪ್ಟೆಂಬರ್‌ನ ಇಂಡಿಯಾನಾಪೊಲಿಸ್ ಕೋಲ್ಟ್ಸ್ ವಿರುದ್ಧದ ಪಂದ್ಯವನ್ನು '3 ಸ್ಯಾಕ್ ಮಾಡಿದರು' (ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕನ್ನು ಎಸೆಯುವ ಮುನ್ನವೇ 3 ಸಲ ಕೆಡವಿದರು) ಅಂತ ಒಂದೇ ಸಾಲಲ್ಲಿ ಮುಗಿಸಿದ್ದೀರಿ. ಲೇಖನ ಶುರುವಾಗಬೇಕಾದ್ದೇ ಅಲ್ಲಿ. ಕ್ವಾರ್ಟರ್‌ಬ್ಯಾಕನ್ನು ಕಾಯಲು ಲೈನ್‌ನಲ್ಲಿ 5 ಜನ ಇರುತ್ತಾರೆ. ಯಾರ್ಯಾರು ನುಗ್ಗಬಹುದು ಅಂತ ಮೊದಲೇ ಲೆಕ್ಕ ಹಾಕಿಕೊಳ್ಳುತ್ತಾರೆ. ಸ್ಲಾಟ್ ರಿಸೀವರ್ ಎದುರು ನಿಂತವರು ಸಾಮಾನ್ಯವಾಗಿ ಆ ಲೆಕ್ಕದಲ್ಲಿ ಬರುವುದಿಲ್ಲ, ಅವರ ಕೆಲಸ ಪಾಸ್ ಹಿಡಿಯಲು ಓಡುವ ರಿಸೀವರನ್ನು ತಡೆಯುವುದು. ಅಲ್ಲಿಂದ 6 ಅಡಿ 4 ಇಂಚಿನ ಆಳು ನುಗ್ಗಿದರೆ ಅಡ್ಡ ಬರಲು ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವರು) ಒಬ್ಬರು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮುಂದಿನ ಸಲ ಎದುರಾಳಿಗಳು ಹ್ಯಾಮಿಲ್ಟನ್‌ರನ್ನೂ ಲೆಕ್ಕಕ್ಕೆ ತಗೊಂಡರು ಅನ್ನಿ. ಆಗ ಹ್ಯಾಮಿಲ್ಟನ್ ನುಗ್ಗುವ ಹಾಗೆ ಮಾಡಿ ಹಿಂದೆ ಸರೀತಾರೆ, ಅವರಿಗಾಗಿ ಕಾದಿದ್ದ ಬ್ಲಾಕರ್ ಸುಮ್ನೆ ನಿಂತಿರ್ತಾರೆ. ಇದನ್ನು ಓದುಗರಿಗೆ ಕಾಣುವ ಹಾಗೆ ಬರೆಯಿರಿ. ಅಂದಹಾಗೆ, ಆ ಪಂದ್ಯವನ್ನು ರೇವನ್ಸ್ 22-19ರಲ್ಲಿ ಸೋತಿತು. ಅದನ್ನು ಯಾಕೆ ಮುಚ್ಚಿಟ್ಟಿರಿ?

ಟೈಟ್ ಎಂಡ್ (ಅಡ್ಡ ನಿಂತು ತಡೆಯಲೂ ಪಾಸ್ ಹಿಡಿಯಲೂ ಬಲ್ಲ ದೊಡ್ಡ ಆಳು) ವಿಷಯ ನೀವು ಮುಟ್ಟಿಯೇ ಇಲ್ಲ. ಎದುರಾಳಿ 3 ರಿಸೀವರ್‌ಗಳನ್ನು ಇಳಿಸಿದರೆ ರಕ್ಷಣೆಯವರು ಒಬ್ಬ ಲೈನ್‌ಬ್ಯಾಕರನ್ನು ಹೊರಗೆ ಕಳಿಸಿ ಐದನೇ ಡಿಫೆನ್ಸಿವ್ ಬ್ಯಾಕನ್ನು (ಪಾಸ್ ತಡೆಯಲು ಹಿಂದೆ ನಿಲ್ಲುವವರು) ತರುತ್ತಾರೆ. ಆ ಐದನೆಯವರು ಸಾಮಾನ್ಯವಾಗಿ ಚಿಕ್ಕ ಮೈಕಟ್ಟಿನವರು. ಅದು ಗೊತ್ತಿದ್ದೇ ಎದುರಾಳಿ ಎರಡನೇ ಟೈಟ್ ಎಂಡ್ ತಂದು ಆ ಚಿಕ್ಕವರಿರುವ ಕಡೆಗೇ ಚೆಂಡು ಹಿಡಿದು ಓಡ್ತಾರೆ. ಆ ಜಾಗದಲ್ಲಿ ದೊಡ್ಡ ಮೈಕಟ್ಟಿನ ಹ್ಯಾಮಿಲ್ಟನ್ ಇದ್ದರೆ ಆಳು ಬದಲಾಯಿಸುವ ಗೋಜೇ ಇಲ್ಲ. ನಿಜವಾದ ಲಾಭ ಇದು.

ಇನ್ನೊಂದು ಮಾತು. ಎಲ್ಲಾ ಕೀರ್ತಿಯನ್ನೂ ಒಬ್ಬರಿಗೇ ಕೊಟ್ಟಿದ್ದೀರಿ. 2023ರಲ್ಲಿ ಹ್ಯಾಮಿಲ್ಟನ್ ಲೈನ್ ಹತ್ತಿರ ಮುಂದೆ ಬರೋಕಾಗಿದ್ದು ಹಿಂದೆ ಸೇಫ್ಟಿ ಜೀನೋ ಸ್ಟೋನ್ ಥರದವರು ಇದ್ದಿದ್ದಕ್ಕೆ. ಸ್ಟೋನ್ ಆ ವರ್ಷ 7 ಇಂಟರ್‌ಸೆಪ್ಷನ್ ಮಾಡಿದರು, ಅಂದರೆ ಎದುರಾಳಿಯ ಪಾಸನ್ನು 7 ಸಲ ತಾವೇ ಹಿಡಿದರು. 2024ರಲ್ಲಿ ಸ್ಟೋನ್ ತಂಡದಲ್ಲಿರಲಿಲ್ಲ, ರಕ್ಷಣೆಯ ಕೋಚ್ ಆಗಿದ್ದ ಕೋಆರ್ಡಿನೇಟರ್ ಮೈಕ್ ಮ್ಯಾಕ್‌ಡೊನಾಲ್ಡ್ ಕೂಡ ಸಿಯಾಟಲ್‌ಗೆ ಹೋಗಿದ್ದರು. ಎದುರಾಳಿಯ ಉದ್ದದ ಪಾಸ್‌ಗಳು ಕೈಗೂಡತೊಡಗಿದವು. ಸೀಸನ್ ನಡುವೆ ಹ್ಯಾಮಿಲ್ಟನ್‌ರನ್ನೇ ಜಾಸ್ತಿ ಹಿಂದೆ ನಿಲ್ಲಿಸಿದ ಮೇಲೆ ರಕ್ಷಣೆ ಸುಧಾರಿಸಿತು. ಎಲ್ಲಾ ಕಡೆ ಆಡಬಲ್ಲವರು ಒಂದೇ ಕಡೆ ನಿಂತಾಗ ತಂಡಕ್ಕೆ ಒಳ್ಳೆಯದಾಯಿತು. ನಿಮ್ಮ ವಾದಕ್ಕೆ ಇದು ಇಕ್ಕಟ್ಟು ಅಲ್ವಾ? ಅದಕ್ಕೇ ಬೇಕು ಅದು.

ಐಸಾಯಾ ಸಿಮನ್ಸ್ ಹೆಸರೂ ಬರಲಿ. ಕ್ಲೆಮ್ಸನ್ ಕಾಲೇಜು ತಂಡದಲ್ಲಿ ಅವರೂ ಎಲ್ಲಾ ಕಡೆ ಆಡ್ತಿದ್ದವರೇ. 2020ರ ಡ್ರಾಫ್ಟ್‌ನಲ್ಲಿ (ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸುವ ಕ್ರಮ) ಅರಿಜೋನಾ ಕಾರ್ಡಿನಲ್ಸ್ ಅವರನ್ನು ಎಂಟನೇ ಆಯ್ಕೆಯಾಗಿ ತಗೊಂಡಿತು. ಇಂಥದ್ದೇ ಕೆಲಸ ಅಂತ ಒಂದು ನೆಲೆ ಸಿಗಲೇ ಇಲ್ಲ. 2023ರಲ್ಲಿ ಡ್ರಾಫ್ಟ್‌ನ ಕೊನೆಯ ಸುತ್ತಾದ ಏಳನೇ ಸುತ್ತಿನ ಒಂದು ಆಯ್ಕೆಗೆ ನ್ಯೂಯಾರ್ಕ್ ಜೈಂಟ್ಸ್‌ಗೆ ಬಿಟ್ಟುಕೊಟ್ಟರು. ಹ್ಯಾಮಿಲ್ಟನ್ ಪಕ್ಕ ಇವರನ್ನಿಟ್ಟು ನೋಡಿದರೆ ಪಾತ್ರ ಹಂಚುವ ಕೋಚ್ ಕೆಲಸ ಎಷ್ಟು ದೊಡ್ಡದು ಅಂತ ಕಾಣುತ್ತದೆ.

ಕೊನೆಯ ಅಂಕಿಅಂಶದ ಪಟ್ಟಿ ಪೂರ್ತಿ ತೆಗೆಯಿರಿ. ಕೋಲ್ಟ್ಸ್ ಪಂದ್ಯದ ಒಂದು ಸ್ಯಾಕ್‌ನ ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡಿ, ಅದರಿಂದಲೇ ಶುರು ಮಾಡಿ ಕಳಿಸಿ. ಈ ಸಲ ಬೇಗ ಓದ್ತೀನಿ.