ಶುಗರ್ ಕಂಟ್ರೋಲಿನಲ್ಲಿದ್ದರೆ ಕೊಲೆಸ್ಟ್ರಾಲ್ ಮಾತ್ರೆ ಯಾಕೆ?

ನೀವು ಕೇಳಿದ್ದು ಇಷ್ಟು: ಬದಿಯಡ್ಕದಲ್ಲಿರುವ ನಿಮ್ಮ ಅಪ್ಪನಿಗೆ 58 ವರ್ಷ, ಶುಗರ್ ಬಂದು ಒಂಬತ್ತು ವರ್ಷ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 6.8, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 112, ಬಿಪಿ 146/88, ಇಸಿಜಿ ನಾರ್ಮಲ್. ಡಾಕ್ಟ್ರು ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಂಪಿನ ಮಾತ್ರೆ ಅಟೋರ್ವಾಸ್ಟಾಟಿನ್ 20, ಬಿಪಿಗೆ ಟೆಲ್ಮಿಸಾರ್ಟನ್ 40 ಬರೆದಿದ್ದಾರೆ. "ಹಾರ್ಟಿಗೆ ಏನೂ ಆಗಿಲ್ಲವಲ್ಲ" ಎಂದು ಅಪ್ಪ ಎರಡನ್ನೂ ಬಿಟ್ಟಿದ್ದಾರೆ. ಬಿಡಬಹುದೇ?

ಬಿಡಬಾರದು. ಇಸಿಜಿ ನಾರ್ಮಲ್, ಶುಗರ್ ಕಂಟ್ರೋಲು ಎಂದು ಅಪ್ಪ ನಂಬಿರುವ ಎರಡು ಆಧಾರಗಳೂ ಗಟ್ಟಿಯಲ್ಲ.

ಮೊದಲು ಇಸಿಜಿ. ಅದು ಆ ಕೆಲವು ಸೆಕೆಂಡುಗಳ ಲೆಕ್ಕ ಮಾತ್ರ. ಹೃದಯದ ರಕ್ತನಾಳ 70 ಶೇಕಡಾ ಕಿರಿದಾಗಿದ್ದರೂ ಮಲಗಿದಲ್ಲಿ ತೆಗೆದ ಇಸಿಜಿ ನಾರ್ಮಲ್ ಬರಬಹುದು.

ಇನ್ನು ಶುಗರ್. ಟೈಪ್ 2 ಸಕ್ಕರೆ ಕಾಯಿಲೆಯಲ್ಲಿ ಹೃದಯ ಕೆಡುವುದು ಬರೀ ಸಕ್ಕರೆಯಿಂದಲ್ಲ. ಇನ್ಸುಲಿನ್ ಸರಿಯಾಗಿ ನಾಟದ ದೇಹದಲ್ಲಿ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬು ಏರುತ್ತದೆ, ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) ಇಳಿಯುತ್ತದೆ, ಎಲ್‌ಡಿಎಲ್ ಕಣಗಳು ಸಣ್ಣದಾಗಿ, ದಟ್ಟವಾಗಿ ರಕ್ತನಾಳದ ಗೋಡೆಯೊಳಗೆ ಸುಲಭವಾಗಿ ನುಸುಳುತ್ತವೆ. ರಕ್ತನಾಳದ ಒಳಪದರ ನಾಳವನ್ನು ಸಡಿಲಗೊಳಿಸುವ ಶಕ್ತಿ ಕಳೆದುಕೊಳ್ಳುತ್ತದೆ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್‌ಗಳು ಬೇಗ ಅಂಟಿಕೊಳ್ಳುತ್ತವೆ. ಹಾಗಾಗಿ ರಿಪೋರ್ಟಿನಲ್ಲಿ ಎಲ್‌ಡಿಎಲ್ 112 "ನಾರ್ಮಲ್" ಎಂದು ಕಂಡರೂ ನಿಮ್ಮ ಅಪ್ಪನಿಗೆ ಅದು ಹೆಚ್ಚೇ. 2004ರಲ್ಲಿ ಪ್ರಕಟವಾದ ಕಾರ್ಡ್ಸ್ ಅಧ್ಯಯನದಲ್ಲಿ ಇದ್ದವರು ಇಂಥವರೇ: ಶುಗರ್ ಇದೆ, ಹೃದ್ರೋಗ ಇಲ್ಲ, ಎಲ್‌ಡಿಎಲ್ ವಿಪರೀತವೇನಲ್ಲ. ಅಟೋರ್ವಾಸ್ಟಾಟಿನ್ ಬರೀ 10 ಮಿಲಿಗ್ರಾಂ ತಿಂದವರಲ್ಲಿ ಹೃದಯಾಘಾತ, ಪಾರ್ಶ್ವವಾಯುವಿನಂಥ ಅನಾಹುತ 37 ಶೇಕಡಾ ಇಳಿಯಿತು. ಅತ್ತ, ಎಚ್‌ಬಿಎ1ಸಿಯನ್ನು 6ಕ್ಕಿಂತ ಕೆಳಗೆ ತಳ್ಳಲು ಹೊರಟ ಅಕಾರ್ಡ್ ಅಧ್ಯಯನದಲ್ಲಿ ಸಾವು ಹೆಚ್ಚಾಗಿ, 2008ರಲ್ಲಿ ಆ ಭಾಗವನ್ನೇ ನಿಲ್ಲಿಸಬೇಕಾಯಿತು. 6.8 ಚೆನ್ನಾಗಿದೆ, ಅದನ್ನು ಅಲ್ಲಿಗೇ ಬಿಡಿ. ಬಾಕಿ ಇರುವುದು ಎಲ್‌ಡಿಎಲ್ 70ಕ್ಕಿಂತ ಕೆಳಗೆ ಮತ್ತು ಬಿಪಿ 130/80ಕ್ಕಿಂತ ಕೆಳಗೆ ತರುವ ಕೆಲಸ. ಜತೆಗೆ ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯೇ ಎಂದು ತೋರಿಸುವ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಒಮ್ಮೆ ನೋಡಿಸಿ. 30 ದಾಟಿದರೆ ಕಿಡ್ನಿಗೂ ಹೃದಯಕ್ಕೂ ಒಟ್ಟಿಗೇ ಬಂದ ಸೂಚನೆ ಅದು.

ಮಾತ್ರೆ ಮತ್ತೆ ಶುರು ಮಾಡಿದ ಮೇಲೆ ಎರಡರಿಂದ ನಾಲ್ಕು ವಾರದೊಳಗೆ ರಕ್ತದ ಕ್ರಿಯಾಟಿನಿನ್ (ಕಿಡ್ನಿಯ ಕೆಲಸ ತೋರಿಸುವುದು), ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿ, ಅದು ಟೆಲ್ಮಿಸಾರ್ಟನ್‌ಗಾಗಿ. ಕ್ರಿಯಾಟಿನಿನ್ ಏರಿದ್ದರೆ ದಿನಾ ಬೊಂಡ (ಎಳನೀರು) ಕುಡಿಯುವ ಅಭ್ಯಾಸ ಡಾಕ್ಟ್ರಿಗೆ ಹೇಳಲೇಬೇಕು, ಅದರಲ್ಲಿ ಪೊಟ್ಯಾಸಿಯಂ ಧಾರಾಳ. ಎಲ್‌ಡಿಎಲ್ ಎರಡು-ಮೂರು ತಿಂಗಳಿಗೆ ನೋಡಿದರೆ ಸಾಕು. ಸ್ಟಾಟಿನ್‌ನಿಂದ ಶುಗರ್ ಸ್ವಲ್ಪ ಏರುವುದು ನಿಜ, ಆದರೆ ಸಿಗುವ ಲಾಭದ ಮುಂದೆ ಅದು ಚಿಲ್ಲರೆ. ಮೈಕೈ ನೋವು ಬಂದರೆ ತಾವಾಗಿ ನಿಲ್ಲಿಸದೆ ಸಿಕೆ (ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರಿಸುವ ರಕ್ತಪರೀಕ್ಷೆ) ಮಾಡಿಸಿ. ಡೋಸ್ ಇಳಿಸಬಹುದು, ಬೇರೆ ಸ್ಟಾಟಿನ್ ಕೊಡಬಹುದು.

ಊಟದ ವಿಷಯಕ್ಕೆ ಬಂದರೆ, ನಮ್ಮ ಕಡೆ ಎಲ್ಲರೂ ಕುಚ್ಚಲಕ್ಕಿ ಗಂಜಿಯನ್ನೇ ಬಯ್ಯುತ್ತಾರೆ. ಗಂಜಿಯ ಪ್ರಮಾಣ ಮುಖ್ಯ, ನಿಜ. ಆದರೆ ಬಿಪಿ ಏರಿಸುವುದು ಅದರ ಬದಿಗೆ ಬರುವ ಉಪ್ಪಿನಕಾಯಿ, ಹಪ್ಪಳ, ಒಣಮೀನು. ಇಡೀ ದಿನಕ್ಕೆ ಉಪ್ಪು ಐದು ಗ್ರಾಂ, ಅಂದರೆ ಒಂದು ಟೀ ಚಮಚ ಮಟ್ಟಕ್ಕೆ. ಉಪ್ಪುಸೊಳೆಯನ್ನು (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ) ನೀರು ಬದಲಿಸಿ ಬದಲಿಸಿ ನೆನೆಸಿ, ಪಲ್ಯಕ್ಕೆ ಮತ್ತೆ ಉಪ್ಪು ಹಾಕಬೇಡಿ. ತೆಂಗಿನೆಣ್ಣೆ ಎಲ್‌ಡಿಎಲ್ ಏರಿಸುತ್ತದೆ. ನಮ್ಮಲ್ಲಿ ಇದನ್ನು ಹೇಳಿದರೆ ಜಗಳವಾಗುತ್ತದೆ, ಆದರೂ ಹೇಳುತ್ತೇನೆ.

ನೀವು ಕೇಳದ, ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು: ವರ್ಷಗಟ್ಟಲೆ ಶುಗರ್ ಇದ್ದವರ ನರಗಳು ಮಂಕಾಗಿ ಹೃದಯಾಘಾತ ಎದೆನೋವಿಲ್ಲದೆ ಬರಬಹುದು. ಗುಡ್ಡೆಯ ಏರು ಹತ್ತುವಾಗ ಹಿಂದೆ ಇಲ್ಲದ ಏದುಸಿರು, ತಣ್ಣನೆಯ ಬೆವರು, ವಾಕರಿಕೆ, ಕಾರಣವಿಲ್ಲದ ಸುಸ್ತು ಇಷ್ಟೇ ಇರಬಹುದು. ಬೆವರಿದರೆ ಮೊದಲು ಗ್ಲುಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಕಡಿಮೆ ಇಲ್ಲದಿದ್ದರೆ "ಗ್ಯಾಸ್" ಎಂದು ಜೀರಿಗೆ ನೀರು ಕೊಟ್ಟು ಕಾಯಬೇಡಿ, 108ಕ್ಕೆ ಫೋನ್ ಮಾಡಿ. ನೇರ ಮಂಗಳೂರಿಗೆ ಓಡುವ ಬದಲು ಹತ್ತಿರ ಇಸಿಜಿ ಇರುವಲ್ಲಿ ಮೊದಲು ತೆಗೆಸಿ. ಮೊದಲನೆಯದು ನಾರ್ಮಲ್ ಬಂದರೂ ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆ, ಮತ್ತೊಂದು ಇಸಿಜಿ ಕೇಳಿ.

ಈಗಿನ ಆ ಇಸಿಜಿಯನ್ನು ಫೋಟೋ ತೆಗೆದು ಮೊಬೈಲಿನಲ್ಲಿಟ್ಟುಕೊಳ್ಳಿ. ಆ ಕಾಗದ ವರ್ಷ ಕಳೆದಂತೆ ಮಾಸುತ್ತದೆ. ಹೊಸದರಲ್ಲಿ ಏನು ಬದಲಾಗಿದೆ ಎಂದು ಹೋಲಿಸಿ ನೋಡಲು ಆ ಹೊತ್ತಿಗೆ ಅದು ಬೇಕಾಗುತ್ತದೆ.